ಟರ್ಕಿ ಕೋಳಿಯ ಮನೆಯೂ ಭೌತವಿಜ್ಞಾನವೂ

ಕೋಳಿಗೂಡನ್ನು ಕಟ್ಟುವುದಕ್ಕೆ ಭೌತವಿಜ್ಞಾನವನ್ನು ಓದಿರಬೇಕೆಂದು ಯಾರೂ ಹೇಳಲಾರರು. ನಮ್ಮ ಹಳ್ಳಿಗಳಲ್ಲಿ ಮಂಕರಿಯೊಂದನ್ನು ಬೋರಲು ಹಾಕಿ ಮೇಲೊಂದು ಕಲ್ಲನ್ನು ಹೇರಿದರೆ ರಾತ್ರಿಯ ಮಟ್ಟಿಗೆ ಕೋಳಿಗೆ ಮನೆಯಾಯಿತು. ಆದರೆ ಹತ್ತು ವರ್ಷ ಭೌತವಿಜ್ಞಾನವನ್ನು ಪಾಠ ಹೇಳಿದವನೊಬ್ಬನು ತಾನೇ ನಿಂತು ಕಟ್ಟಿಸಿದ ಗೂಡಿನಲ್ಲಿ, ತರಗತಿಯಲ್ಲಿ ತಾನು ಬಾಯಿತುಂಬ ಹೇಳುವ ನಿಯಮಗಳನ್ನೇ ಮರೆತದ್ದರಿಂದ, ಒಂದು ಹಕ್ಕಿ ಸತ್ತುಹೋಯಿತೆಂದರೆ, ಅದನ್ನು ವಿದ್ಯಾರ್ಥಿಗಳಾದ ವಾಚಕರ ಮುಂದೆ ಒಪ್ಪಿಕೊಳ್ಳುವುದೇ ಸರಿ. ಆ ಅಧ್ಯಾಪಕನು ನಾನೇ.

ನಮ್ಮದು ತಿಪಟೂರಿನ ಕಡೆಯ ತೆಂಗಿನ ಸೀಮೆ. ೨೦೨೩ರ ಮಳೆಗಾಲದ ಕೊನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಟರ್ಕಿ ಹುಂಜವನ್ನೂ ಒಂದು ಹೇಂಟೆಯನ್ನೂ ತಂದುಕೊಟ್ಟನು. ಮಾಂಸಕ್ಕಾಗಿ ಅಲ್ಲ, ಸಾಕುವುದಕ್ಕಾಗಿ. ಹುಂಜವು ಬಾಲದ ಗರಿಗಳನ್ನು ಬೀಸಣಿಗೆಯಂತೆ ಬಿಡಿಸಿ, ರೆಕ್ಕೆಗಳನ್ನು ನೆಲಕ್ಕೆ ಎಳೆದು, ಗಂಟಲಲ್ಲಿ ನೀರು ಮುಕ್ಕಳಿಸಿದಂತೆ ಸದ್ದು ಮಾಡುತ್ತ ಹಿತ್ತಲಲ್ಲಿ ತಿರುಗುತ್ತಿದ್ದರೆ ಬೀದಿಯ ಮಕ್ಕಳೆಲ್ಲ ಬೇಲಿಯ ಬಳಿ ಸೇರುತ್ತಿದ್ದರು. ಹೇಂಟೆ ಸಾಧು. ನಮ್ಮ ತಾಯಿಯವರು ಅದನ್ನು ಪುಟ್ಟಿ ಎಂದು ಕರೆಯುತ್ತಿದ್ದರು.

೨೦೨೪ರ ಏಪ್ರಿಲ್ ತಿಂಗಳು ದಕ್ಷಿಣ ಕರ್ನಾಟಕದಲ್ಲಿ ಎಷ್ಟು ಬಿಸಿಯಾಗಿತ್ತೆಂಬುದು ವಾಚಕರಿಗೆ ನೆನಪಿರಬಹುದು. ಪುಟ್ಟಿಯು ಆಗ ಹತ್ತು ಮೊಟ್ಟೆಗಳ ಮೇಲೆ ಕಾವಿಗೆ ಕುಳಿತಿತ್ತು. ಗೂಡಿನ ಚಾವಣಿ ತಗಡಿನದು. ನಾಲ್ಕು ಕಡೆಗೂ ತಂತಿಯ ಜಾಲರಿ. ಬಿಸಿಗಾಳಿ ಹೊಡೆಯಬಾರದೆಂದು ನಾನು ನಾಲ್ಕು ಕಡೆಗೂ ಗೋಣಿತಾಟನ್ನು ಬಿಗಿಯಾಗಿ ಕಟ್ಟಿ ಪರೀಕ್ಷೆಯ ಕೆಲಸಕ್ಕೆಂದು ಕಾಲೇಜಿಗೆ ಹೋದೆನು. ಹುಂಜ ಹೊರಗೆ ಹಲಸಿನ ಮರದ ಕೆಳಗಿತ್ತು. ಮಧ್ಯಾಹ್ನ ಎರಡು ಗಂಟೆಗೆ ತಾಯಿಯವರು ದೂರವಾಣಿಯಲ್ಲಿ ಕರೆದು, “ಪುಟ್ಟಿ ಬಾಯಿ ಬಿಟ್ಕೊಂಡು ಏದುಸಿರು ಬಿಡ್ತಿದೆ ಕಣಪ್ಪ, ಗೋಣಿ ಬಿಚ್ಚಲಾ?” ಎಂದು ಕೇಳಿದರು. “ಬೇಡಮ್ಮ, ನೆರಳಲ್ಲೇ ಇದೆಯಲ್ಲ. ಬಿಚ್ಚಿದರೆ ಬಿಸಿಗಾಳಿ ನುಗ್ಗುತ್ತೆ” ಎಂದೆನು. ಐದು ಗಂಟೆಗೆ ನಾನು ಬರುವ ವೇಳೆಗೆ ಹಕ್ಕಿ ಮೊಟ್ಟೆಗಳ ಮೇಲೆಯೇ ಕತ್ತು ಚಾಚಿ ಸತ್ತಿತ್ತು.

ತಾಯಿಯವರು ಏನೂ ಅನ್ನಲಿಲ್ಲ. ಅನ್ನದಿದ್ದುದೇ ಹೆಚ್ಚಾಯಿತು. ಮಾರನೆಯ ದಿನ ಪ್ರಯೋಗಶಾಲೆಯಿಂದ ಒಂದು ಉಷ್ಣಯುಗ್ಮವನ್ನು ತಂದು ಅದೇ ಹೊತ್ತಿನಲ್ಲಿ, ಗೋಣಿತಾಟನ್ನು ಹಾಗೆಯೇ ಬಿಟ್ಟು, ಗೂಡಿನ ಒಳಗೆ ಅಳತೆ ಮಾಡಿದೆನು. ಗಾಳಿಯ ಉಷ್ಣತೆ ೩೯ ಡಿಗ್ರಿ ಸೆಲ್ಸಿಯಸ್. ತಗಡಿನ ಒಳಮೈಯ ಉಷ್ಣತೆ ೬೨ ಡಿಗ್ರಿ! ನಾನು ನೆರಳೆಂದು ತಿಳಿದದ್ದು ನೆರಳಾಗಿರಲಿಲ್ಲ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ಈ ಹಕ್ಕಿಯ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳಬೇಕು.

ಊರು ತಪ್ಪಿದ ಹೆಸರು

ಟರ್ಕಿ ಕೋಳಿಯ ತವರು ಟರ್ಕಿ ದೇಶವಲ್ಲ, ಅಮೆರಿಕ ಖಂಡ. ಸ್ಪೇನಿನವರು ಅಲ್ಲಿ ಕಾಲಿಡುವುದಕ್ಕೆ ಬಹು ಹಿಂದೆಯೇ ಮೆಕ್ಸಿಕೋ ನಾಡಿನ ಜನರು ಇದನ್ನು ಪಳಗಿಸಿ ಸಾಕುತ್ತಿದ್ದರು. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಯೂರೋಪಿಗೆ ಬಂದ ಈ ಹಕ್ಕಿಯನ್ನು ಇಂಗ್ಲಿಷರು ತುರ್ಕರ ನಾಡಿನದೆಂದು ಬಗೆದರು. ತುರ್ಕರಾದರೋ ಅದನ್ನು ‘ಹಿಂದಿ’ ಎಂದು ಕರೆದು ನಮ್ಮ ತಲೆಗೆ ಕಟ್ಟಿದರು. ಫ್ರೆಂಚರ ಹೆಸರಿಗೂ ಇಂಡಿಯದ್ದು ಎಂದೇ ಅರ್ಥ. ಡಚ್ಚರಂತೂ ನಮ್ಮ ನೆರೆಯ ಕಲ್ಲಿಕೋಟೆಯ ಹೆಸರನ್ನೇ ತಿರುಚಿ ‘ಕಾಲ್ಕೂನ್’ ಎಂದರು. ಪಾಪ, ಯಾವ ಊರಿನವರೂ ಅದನ್ನು ತಮ್ಮದೆಂದು ಒಪ್ಪಿಕೊಳ್ಳಲಿಲ್ಲ.

ಭಾರತಕ್ಕೆ ಇದು ಬಂದದ್ದು ಪೋರ್ಚುಗೀಸರ ಹಡಗುಗಳಲ್ಲಿ. ೧೬೧೨ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ಕೊಂಡುತಂದ ಅಪರೂಪದ ವಸ್ತುಗಳಲ್ಲಿ ಒಂದು ಟರ್ಕಿ ಹುಂಜವೂ ಇದ್ದಿತು. ಜಹಾಂಗೀರ್ ಬಾದಷಹನು ಅದನ್ನು ಕಂಡು ಬೆರಗಾಗಿ ತನ್ನ ಆತ್ಮಚರಿತ್ರೆಯಲ್ಲಿ ವರ್ಣಿಸಿದ್ದಾನೆ. ಅವನ ಆಸ್ಥಾನದ ಚಿತ್ರಗಾರ ಉಸ್ತಾದ್ ಮನ್ಸೂರನು ಬರೆದ ಅದರ ಚಿತ್ರ ಇಂದಿಗೂ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಬಾದಷಹನ ಕಣ್ಣಿಗೆ ಮುಖ್ಯವಾಗಿ ಬಿದ್ದದ್ದು ಹಕ್ಕಿಯ ಬೋಳು ತಲೆ ಮತ್ತು ಕತ್ತು. ಗಳಿಗೆಗೊಮ್ಮೆ ಅವು ಊಸರವಳ್ಳಿಯಂತೆ ಕೆಂಪು, ಬಿಳಿ, ನೀಲಿಗಳಿಗೆ ತಿರುಗುವುದನ್ನು ಅವನು ಗುರುತಿಸಿದ್ದಾನೆ. ಈ ನೋಟ ನಿಜವಾದುದು. ಚರ್ಮದಲ್ಲಿರುವ ಕೊಲಾಜನ್ ಎಂಬ ಎಳೆಗಳ ಕಟ್ಟುಗಳು ಬೆಳಕನ್ನು ಚದರಿಸುತ್ತವೆ. ಅವುಗಳ ನಡುವಣ ರಕ್ತನಾಳಗಳು ಉಬ್ಬಿದಾಗ ಮತ್ತು ಕುಗ್ಗಿದಾಗ ಎಳೆಗಳ ಅಂತರವು ಬದಲಾಗಿ ಬಣ್ಣವೂ ಬದಲಾಗುತ್ತದೆ. ಇದೇ ತತ್ತ್ವವನ್ನು ಅನುಸರಿಸಿ ೨೦೧೪ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಗಾಳಿಯಲ್ಲಿರುವ ರಾಸಾಯನಿಕಗಳು ಸೋಂಕಿದಾಗ ಬಣ್ಣ ಬದಲಿಸುವ ಸಂವೇದಕವೊಂದನ್ನು ರಚಿಸಿದರು.

ಆದರೆ ಆ ಬೋಳು ತಲೆ ಬರಿಯ ಅಲಂಕಾರವಲ್ಲ. ರಿಚರ್ಡ್ ಬುಖೋಲ್ಟ್ಸ್ ಎಂಬ ಜೀವವಿಜ್ಞಾನಿ ೧೯೯೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಡು ಟರ್ಕಿ ಹುಂಜಗಳ ತಲೆ ಮತ್ತು ಕತ್ತುಗಳಿಗೆ ಶಾಖ ಹೋಗದಂತೆ ಹೊದಿಕೆ ಹಾಕಿ ನೋಡಿದರು. ಬಿಸಿಯಾದ ಕೋಣೆಯಲ್ಲಿ ಅಂಥ ಹಕ್ಕಿಗಳು ಮೈಯ ಶಾಖವನ್ನು ಕಳೆದುಕೊಳ್ಳಲು ಕಷ್ಟಪಟ್ಟವು. ಮೈಯೆಲ್ಲ ಗರಿಯ ಕಂಬಳಿ ಹೊದ್ದಿರುವ ಪ್ರಾಣಿಗೆ ಬೋಳು ಕತ್ತೊಂದೇ ತೆರೆದ ಕಿಟಕಿ.

ಇಪ್ಪತ್ತು ವಾಟಿನ ಒಲೆ

ಟರ್ಕಿ ಕೋಳಿಯ ಮೈಯ ಉಷ್ಣತೆ ಸುಮಾರು ೪೧ ಡಿಗ್ರಿ. ನಮಗಾದರೆ ಅದು ಕಡುಜ್ವರ, ಅದಕ್ಕೆ ಆರೋಗ್ಯ. ಐದು ಕಿಲೋಗ್ರಾಂ ತೂಕದ ಹೇಂಟೆಯೊಂದು ಉಂಡು, ಎಚ್ಚರವಾಗಿ, ಸುಮ್ಮನೆ ಕುಳಿತಿದ್ದರೂ ಅದರ ದೇಹದಲ್ಲಿ ಸರಿಸುಮಾರು ೨೦ ವಾಟಿನಷ್ಟು ಶಾಖ ಹುಟ್ಟುತ್ತಲೇ ಇರುತ್ತದೆ. ಹುಟ್ಟಿದಷ್ಟೂ ಹೊರಗೆ ಹೋಗಲೇಬೇಕು. ಉಳಿದರೆ ಮೈ ಬಿಸಿಯೇರುತ್ತದೆ. ಹೋಗುವುದಕ್ಕೆ ವಹನ, ಸಂವಹನ, ವಿಕಿರಣ, ಬಾಷ್ಪೀಭವನ ಎಂಬ ನಾಲ್ಕೇ ದಾರಿಗಳು. ಸುತ್ತಲ ವಸ್ತುಗಳು ಮೈಗಿಂತ ತಣ್ಣಗಿದ್ದರೆ ಮಾತ್ರ ಮೊದಲ ಮೂರು ದಾರಿಗಳು ತೆರೆದಿರುತ್ತವೆ. ಗಾಳಿ ೩೯ ಡಿಗ್ರಿಗೆ ಏರಿದಾಗ ಅವು ಬಹುಮಟ್ಟಿಗೆ ಮುಚ್ಚಿಹೋಗಿ, ಉಳಿಯುವುದು ನೀರನ್ನು ಆವಿ ಮಾಡುವ ದಾರಿಯೊಂದೇ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಆದುದರಿಂದ ಅವು ಬಾಯಿ ತೆರೆದು, ಗಂಟಲನ್ನು ಅದುರಿಸುತ್ತ, ಏದುಸಿರಿನ ಮೂಲಕ ನೀರನ್ನು ಆವಿಯಾಗಿಸುತ್ತವೆ.

ಈ ದಾರಿಯಲ್ಲಿ ಎಷ್ಟು ನೀರು ಬೇಕೆಂಬುದನ್ನು ಪಿ.ಯು.ಸಿ. ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲನು. ಮೈಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೨,೪೦೦ ಜೂಲ್ ಗುಪ್ತೋಷ್ಣ ಬೇಕು. ೨೦ ವಾಟ್ ಎಂದರೆ ಗಂಟೆಗೆ ೭೨,೦೦೦ ಜೂಲ್. ಭಾಗಿಸಿದರೆ ೩೦ ಗ್ರಾಂ ಬರುತ್ತದೆ. ಬೆಳಗಿನ ಹನ್ನೊಂದರಿಂದ ಸಂಜೆಯ ಐದರವರೆಗೆ ಉಸಿರಿನಲ್ಲಿಯೇ ೧೮೦ ಗ್ರಾಂ, ಎಂದರೆ ಒಂದು ದೊಡ್ಡ ಲೋಟದ ನೀರು. ಕಾವಿಗೆ ಕುಳಿತ ಹೇಂಟೆ ನೀರಿಗಾಗಿ ಏಳುವುದೇ ದಿನಕ್ಕೆ ಒಂದೆರಡು ಸಲ. ನಾನು ಅದರ ಕೈಗೆಟಕುವಲ್ಲಿ, ಅಲ್ಲ, ಕೊಕ್ಕಿಗೆಟಕುವಲ್ಲಿ ನೀರಿಟ್ಟಿರಲಿಲ್ಲ.

ಇನ್ನು ತಗಡಿನ ವಿಚಾರ. ಬಿಸಿಯಾದ ಪ್ರತಿಯೊಂದು ಮೈಯೂ ಶಾಖವನ್ನು ಸೂಸುತ್ತದೆ. ಸೂಸುವ ಪ್ರಮಾಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಇದೇ ಸ್ಟೆಫಾನ್ ನಿಯಮ. ೬೨ ಡಿಗ್ರಿಯಲ್ಲಿರುವ, ತುಕ್ಕು ಹಿಡಿದು ಮಂಕಾದ ತಗಡು ಚದರ ಮೀಟರಿಗೆ ಹೆಚ್ಚುಕಡಮೆ ೭೧೦ ವಾಟ್ ಸೂಸಬಲ್ಲುದು. ೩೮ ಡಿಗ್ರಿಯಲ್ಲಿರುವ ಹಕ್ಕಿಯ ಗರಿಗಳ ಮೇಲ್ಮೈ ತಿರುಗಿ ಸೂಸುವುದು ೫೩೦ ವಾಟ್. ವ್ಯತ್ಯಾಸ ೧೮೦. ಚಾವಣಿಯ ಕಡೆಗಿರುವ ಹಕ್ಕಿಯ ಬೆನ್ನಿನ ವಿಸ್ತಾರ ಒಂದು ಚದರ ಮೀಟರಿನ ಹತ್ತನೆಯ ಒಂದು ಭಾಗವೆಂದು ಹಿಡಿದರೂ ಅದರ ಮೇಲೆ ೧೮ ವಾಟ್ ಬೀಳುತ್ತಿತ್ತು. ಅದರ ಒಡಲೊಳಗೆ ಹುಟ್ಟುವ ಶಾಖಕ್ಕೆ ಇದು ಬಹುತೇಕ ಸಮ! ನೆರಳಿನಲ್ಲಿ ಕುಳಿತ ಹಕ್ಕಿಯ ಬೆನ್ನ ಮೇಲೆ ನಾನು ಇನ್ನೊಂದು ಹಕ್ಕಿಯನ್ನು ಕೂರಿಸಿದಂತಾಗಿತ್ತು.

ಬೆನ್ನ ಮೇಲೆ ಬಿದ್ದ ಶಾಖವೆಲ್ಲ ಒಳಗೆ ಇಳಿಯುತ್ತಿರಲಿಲ್ಲವೆಂಬುದು ನಿಜ. ಗರಿಗಳ ನಡುವೆ ಸಿಕ್ಕಿರುವ ಗಾಳಿ ಒಳ್ಳೆಯ ಉಷ್ಣರೋಧಕ. ಗರಿಯ ಹೊರಮೈಯಲ್ಲಿ ನಿಂತ ಶಾಖವನ್ನು ಬೀಸುವ ಗಾಳಿ, ಅದು ೩೯ ಡಿಗ್ರಿಯದಾಗಿದ್ದರೂ, ಹೊತ್ತುಕೊಂಡು ಹೋಗಬಲ್ಲುದು. ಉಸಿರಿನ ಆವಿಯನ್ನೂ ಅದೇ ಸಾಗಿಸಬೇಕು. ನಾನು ಗೋಣಿತಾಟಿನಿಂದ ತಡೆದದ್ದು ಅದನ್ನೇ. ತಗಡು ಒಂದೇ ಆಗಿದ್ದರೆ ಪುಟ್ಟಿ ಬದುಕುತ್ತಿತ್ತೋ ಏನೋ. ತಾಯಿಯವರು ಗೋಣಿ ಬಿಚ್ಚುತ್ತೇನೆಂದದ್ದು ಸರಿಯಾಗಿತ್ತು.

ಈಗ ಮಾಡಿರುವ ಏರ್ಪಾಡು ದೊಡ್ಡ ಖರ್ಚಿನದೇನೂ ಅಲ್ಲ. ತಗಡಿನ ಮೇಲುಮೈಗೆ ಸುಣ್ಣ ಬಳಿದು, ಅದರ ಮೇಲೆ ಹೆಣೆದ ತೆಂಗಿನ ಗರಿಗಳನ್ನು ಹಾಸಿದ್ದೇನೆ. ತಗಡಿನ ಕೆಳಗೆ ಅರ್ಧ ಅಡಿ ತೆರಪು ಬಿಟ್ಟು ಬಿದಿರಿನ ತಟ್ಟಿಯನ್ನು ಒಳಚಾವಣಿಯಾಗಿ ಕಟ್ಟಿದ್ದೇನೆ. ತೆರಪಿನ ಎರಡು ತುದಿಗಳೂ ತೆರೆದಿರಬೇಕು. ಮುಚ್ಚಿದರೆ ಅಲ್ಲಿನ ಗಾಳಿ ಬಿಸಿಯಾಗಿ ಅಲ್ಲಿಯೇ ಉಳಿಯುತ್ತದೆ. ಹಕ್ಕಿಗೆ ಈಗ ಕಾಣುವುದು ತಗಡಲ್ಲ, ತಟ್ಟಿ. ಅದರ ಉಷ್ಣತೆ ಸುತ್ತಣ ಗಾಳಿಗಿಂತ ಒಂದೆರಡು ಡಿಗ್ರಿಗಿಂತ ಹೆಚ್ಚಾದುದನ್ನು ನಾನು ಕಂಡಿಲ್ಲ. ಕಪ್ಪು ಪ್ಲಾಸ್ಟಿಕ್ ತೊಟ್ಟಿಯ ಬದಲು ಮಣ್ಣಿನ ಬಾನಿಯಲ್ಲಿ ನೀರಿಡುತ್ತೇವೆ. ಬಾನಿಯ ಮೈಯಿಂದ ಒಸರುವ ನೀರು ಆವಿಯಾಗುವುದರಿಂದ ಒಳಗಿನ ನೀರು ತಂಪಾಗಿರುತ್ತದೆ. ಬಿಸಿ ನೀರನ್ನು ಹಕ್ಕಿಗಳು ಸರಿಯಾಗಿ ಕುಡಿಯುವುದಿಲ್ಲ. ಗೋಣಿತಾಟಿಗೂ ಕೆಲಸವಿದೆ: ಒಣಹವೆಯ ಏಪ್ರಿಲ್‌ನಲ್ಲಿ ಅದನ್ನು ನೆನೆಸಿ ಗಾಳಿ ಬರುವ ಒಂದೇ ಕಡೆ, ಸಡಿಲವಾಗಿ, ತೂಗುಬಿಟ್ಟರೆ ಒಳಗೆ ಬರುವ ಗಾಳಿ ತಂಪಾಗುತ್ತದೆ. ಎದುರು ಕಡೆ ತೆರೆದಿರಬೇಕು.

ಮಳೆಗಾಲದ ಲೆಕ್ಕ

ಬೇಸಗೆಯಲ್ಲಿ ಒಂದು ಪಾಠ ಕಲಿತವನು ಮಳೆಗಾಲದಲ್ಲಿ ಅದನ್ನು ಮರೆಯುವುದು ಸುಲಭ. ಜೂನ್ ತಿಂಗಳಲ್ಲಿ ಇರಚಲು ಹೊಡೆಯತೊಡಗಿದಾಗ ಎಲ್ಲರೂ ಮಾಡುವಂತೆ ನಾನೂ ಟಾರ್ಪಾಲು ತಂದೆನು. ಈ ಸಲ ಕಟ್ಟುವುದಕ್ಕೆ ಮೊದಲು ಲೆಕ್ಕ ಹಾಕಿದೆನು.

ನಮ್ಮ ಗೂಡು ಎಂಟು ಅಡಿ ಅಗಲ, ಹತ್ತು ಅಡಿ ಉದ್ದ, ಆರು ಅಡಿ ಎತ್ತರ. ಒಳಗಿನ ಗಾಳಿ ಸುಮಾರು ಹದಿಮೂರೂವರೆ ಘನಮೀಟರು. ೨೨ ಡಿಗ್ರಿಯಲ್ಲಿ ಒಂದು ಘನಮೀಟರು ಗಾಳಿ ಹಿಡಿಯಬಲ್ಲ ನೀರಾವಿ ೧೯ ಗ್ರಾಂ ಚಿಲ್ಲರೆ. ಮಳೆಗಾಲದ ರಾತ್ರಿ ಗಾಳಿಯ ಸಾಪೇಕ್ಷ ಆರ್ದ್ರತೆ ಆಗಲೇ ಶೇಕಡ ೮೫ ಇದ್ದರೆ ಇನ್ನು ಹಿಡಿಯುವುದಕ್ಕೆ ಉಳಿದಿರುವ ಎಡೆ ಘನಮೀಟರಿಗೆ ಮೂರು ಗ್ರಾಂ; ಇಡೀ ಗೂಡಿಗೆ ನಲವತ್ತು ಗ್ರಾಂ. ಅಷ್ಟೇ! ಟರ್ಕಿ ಕೋಳಿ ತಾನು ತಿನ್ನುವ ಆಹಾರದ ತೂಕಕ್ಕಿಂತ ಸುಮಾರು ಎರಡು ಪಟ್ಟು ನೀರನ್ನು ಕುಡಿಯುತ್ತದೆ. ಆ ನೀರಿನ ಬಹುಭಾಗ ಉಸಿರಿನಲ್ಲಿಯೂ ಹಿಕ್ಕೆಯಲ್ಲಿಯೂ ಹೊರಬರಬೇಕು. ನಾಲ್ಕು ಹಕ್ಕಿಗಳಿರುವ ಮುಚ್ಚಿದ ಗೂಡಿನಲ್ಲಿ ಆ ನಲವತ್ತು ಗ್ರಾಂ ಕೆಲವೇ ಗಂಟೆಗಳಲ್ಲಿ ತುಂಬಿಹೋಗುತ್ತದೆ. ಅನಂತರ ನೆಲದ ಹೊಟ್ಟು ಒಣಗುವ ಮಾತೇ ಇಲ್ಲ.

ನೆಲದ ಹಾಸು ಒದ್ದೆಯಾದರೆ ಇನ್ನೊಂದು ಶತ್ರು ಹುಟ್ಟುತ್ತದೆ. ಹಕ್ಕಿಯ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಗಳು ಒಡೆದು ಅಮೋನಿಯವನ್ನು ಹೊರಡಿಸುತ್ತವೆ. ಒದ್ದೆ ಹೆಚ್ಚಿದಷ್ಟೂ ಅವುಗಳ ಕೆಲಸ ಚುರುಕು. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅಮೋನಿಯ ೨೫ ಭಾಗವನ್ನು ಮೀರಬಾರದೆಂದು ಕೋಳಿ ಸಾಕಣೆಯ ತಜ್ಞರು ಹೇಳುತ್ತಾರೆ. ಮೀರಿದರೆ ಕಣ್ಣು ಉರಿದು, ಶ್ವಾಸನಾಳದ ಒಳಪೊರೆ ಕೆಟ್ಟು, ಬೇರೆ ರೋಗಗಳಿಗೆ ಬಾಗಿಲು ತೆರೆಯುತ್ತದೆ. ನಮ್ಮ ಮೂಗನ್ನು ಈ ವಿಷಯದಲ್ಲಿ ಪೂರ್ತಿ ನಂಬುವಂತಿಲ್ಲ. ದಿನವೂ ಗೂಡಿಗೆ ಹೋಗುವವನ ಮೂಗು ಆ ವಾಸನೆಗೆ ಒಗ್ಗಿಬಿಡುತ್ತದೆ. ಜೊತೆಗೆ ನಾವು ನಿಂತು ಮೂಸುತ್ತೇವೆ. ಹಕ್ಕಿ ಮಲಗುವುದು ಕೆಳಗೆ, ಅಮೋನಿಯ ಹುಟ್ಟುವ ಜಾಗದ ಹತ್ತಿರ. ಆದ್ದರಿಂದ ಬೆಳಗ್ಗೆ ಬಾಗಿಲು ತೆರೆದ ಕೂಡಲೆ ಮೊಣಕಾಲೂರಿ ಕುಳಿತು, ಹಕ್ಕಿಯ ತಲೆಯ ಮಟ್ಟದಲ್ಲಿ ಉಸಿರೆಳೆದು ನೋಡಬೇಕು. ಹಾಸಿನ ಹೊಟ್ಟನ್ನು ಒಂದು ಹಿಡಿ ತೆಗೆದು ಅದುಮಿದಾಗ ಉಂಡೆಯಾಗಿ ನಿಂತರೆ ಅದು ಬದಲಾಯಿಸಬೇಕಾದ ಹೊಟ್ಟು, ಉದುರಿಹೋದರೆ ಚಿಂತೆಯಿಲ್ಲ. ನಾವು ಭತ್ತದ ಹೊಟ್ಟನ್ನು ಮೂರು ನಾಲ್ಕು ಅಂಗುಲ ದಪ್ಪ ಹಾಕುತ್ತೇವೆ.

ಹಾಗಾದರೆ ಇರಚಲಿಗೆ ಏನು ಮಾಡಬೇಕು? ನೈರುತ್ಯದ ಗಾಳಿ ಹೊಡೆಯುವ ಬದಿಗೆ ಮಾತ್ರ ಟಾರ್ಪಾಲನ್ನು ಕೆಳಗಿನಿಂದ ಮೇಲಕ್ಕೆ ಎಳೆದು, ಸೂರಿಗೆ ಒಂದು ಅಡಿ ಉಳಿದಂತೆ ನಿಲ್ಲಿಸಬೇಕು. ಚಳಿಯಲ್ಲಿ ಕಂಬಳಿ ಹೊದ್ದವನು ಮೂಗನ್ನು ಹೊರಗಿಟ್ಟುಕೊಳ್ಳುವುದಿಲ್ಲವೆ? ಹಕ್ಕಿಗಳ ಶಾಖದಿಂದ ಹಗುರವಾದ ತೇವದ ಗಾಳಿ ಮೇಲೆದ್ದು ಆ ತೆರಪಿನಿಂದ ಹೊರಗೆ ಹೋಗುತ್ತದೆ. ಕೆಳಗಿನ ಸಂದುಗಳಿಂದ ಹೊಸ ಗಾಳಿ ಬರುತ್ತದೆ. ಗಾಳಿ ಬೀಸದ ರಾತ್ರಿಯಲ್ಲಿಯೂ ಈ ಓಟ ನಿಲ್ಲುವುದಿಲ್ಲ. ಒಳ ಹೊರಗಿನ ಉಷ್ಣತೆಯ ವ್ಯತ್ಯಾಸ ಹೆಚ್ಚಿದಷ್ಟೂ, ಮೇಲಿನ ಮತ್ತು ಕೆಳಗಿನ ತೆರಪುಗಳ ಎತ್ತರದ ಅಂತರ ಹೆಚ್ಚಿದಷ್ಟೂ ಅದು ಬಿರುಸಾಗುತ್ತದೆ. ಅಡುಗೆಮನೆಯ ಹೊಗೆಗೂಡಿನ ತತ್ತ್ವವೂ ಇದೇ. ಇರಚಲು ನೇರವಾಗಿ ಹಕ್ಕಿಯ ಮೈಗೆ ಬಡಿಯಬಾರದು ನಿಜ. ಒದ್ದೆಯಾದ ಗರಿಗಳ ನಡುವೆ ಗಾಳಿ ನಿಲ್ಲುವುದಿಲ್ಲ, ಕಂಬಳಿ ಕಂಬಳಿಯಾಗಿ ಉಳಿಯುವುದಿಲ್ಲ. ಆದರೆ ಒಣಗಿದ ಗರಿಯ ಟರ್ಕಿ ಕೋಳಿ ನಮ್ಮ ಕಡೆಯ ಚಳಿಗೆ ಸೊಪ್ಪು ಹಾಕುವುದಿಲ್ಲ. ಅದರ ಕಾಡಿನ ಬಂಧುಗಳು ಉತ್ತರ ಅಮೆರಿಕದ ಹಿಮ ಬೀಳುವ ರಾತ್ರಿಗಳನ್ನು ಮರದ ಕೊಂಬೆಯ ಮೇಲೆ ಕಳೆಯುತ್ತವೆ.

ಹಲ್ಲು, ಉಗುರು, ಚಿಲಕ

ಗಾಳಿಗೆ ತೆರೆದ ಗೂಡು ಕಳ್ಳರಿಗೂ ತೆರೆದಿರಬಾರದು. ಅಂಗಡಿಯಲ್ಲಿ ಕೋಳಿಜಾಲರಿ ಎಂದು ಕೇಳಿದರೆ ಕೊಡುವ ಆರು ಮೂಲೆ ಕಣ್ಣಿನ ತೆಳುತಂತಿಯ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ನಾಯಿ ಅದನ್ನು ಹರಿಯಬಲ್ಲುದು; ಮುಂಗುಸಿಯ ಮರಿ ಅದರ ಕಣ್ಣಿನಲ್ಲಿ ನುಸುಳಬಲ್ಲುದು. ಅರ್ಧ ಅಂಗುಲದ ಚೌಕಗಣ್ಣಿನ, ಬೆಸುಗೆ ಹಾಕಿದ ಜಾಲರಿಯೇ ಆಗಬೇಕು. ಬೆಲೆ ಹೆಚ್ಚು, ಪೂರ್ತಿ ಕೊಳ್ಳಲಾರದವರು ಕೆಳಗಿನ ಮೂರು ಅಡಿಗಾದರೂ ಅದನ್ನು ಹಾಕಬೇಕು. ಹೆಗ್ಗಣವೂ ನಾಯಿಯೂ ಗೋಡೆಯ ಬುಡದಲ್ಲಿ ತೋಡುತ್ತವೆ. ಅದಕ್ಕೆ ಪರಿಹಾರ, ಜಾಲರಿಯನ್ನು ಬುಡದಿಂದ ಹೊರಮುಖವಾಗಿ ಒಂದೂವರೆ ಅಡಿ ಮಡಿಸಿ ನೆಲದೊಳಗೆ ಮೇಲಾಗಿ ಹೂಳುವುದು. ತೋಡುವ ಪ್ರಾಣಿ ಬುಡಕ್ಕೇ ಬಂದು ತೋಡುತ್ತದೆ. ಉಗುರಿಗೆ ತಂತಿ ಸಿಕ್ಕಿದಾಗ ಎರಡು ಹೆಜ್ಜೆ ಹಿಂದೆ ಹೋಗಿ ತೋಡುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಚಿಲಕದ ವಿಷಯದಲ್ಲಿ ಅಮೆರಿಕದವರಿಗೆ ರಕೂನ್ ಎಂಬ ಪ್ರಾಣಿಯ ಕಾಟ. ಅದರ ಮುಂಗಾಲು ಕೈಯಂತೆ ಕೆಲಸ ಮಾಡಿ ಸಾದಾ ಚಿಲಕವನ್ನು ತೆಗೆಯುತ್ತದೆ. ನಮಗೆ ಆ ಚಿಂತೆಯಿಲ್ಲವೆಂದು ನಗುವಂತಿಲ್ಲ, ನಮ್ಮಲ್ಲಿ ಕೋತಿಗಳಿವೆ. ಎತ್ತಿ, ತಿರುಗಿಸಿ, ಎಳೆಯಬೇಕಾದ ಅಗಳಿ, ಅದಕ್ಕೊಂದು ಕೊಂಡಿ, ಇಷ್ಟಿದ್ದರೆ ಮೊಟ್ಟೆಗಳು ಉಳಿಯುತ್ತವೆ.

ಟರ್ಕಿ ಕೋಳಿಗೆ ಕತ್ತಲಲ್ಲಿ ಕಣ್ಣು ಚೆನ್ನಾಗಿ ಕಾಣದು. ರಾತ್ರಿ ಬೆದರಿದರೆ ಕುರುಡಾಗಿ ಹಾರಿ ಗೋಡೆಗೆ ಬಡಿದುಕೊಳ್ಳುತ್ತದೆ, ಒಂದರ ಮೇಲೊಂದು ಬೀಳುತ್ತದೆ. ದೀಪಾವಳಿಯ ಮೂರು ರಾತ್ರಿಗಳಲ್ಲಿ ನಾವು ಒಂದು ಮಂಕು ದೀಪವನ್ನು ಉರಿಸಿಡುತ್ತೇವೆ. ಗೂಡಿನೊಳಗೆ ಚೂಪಾದ ತಂತಿಯ ತುದಿ, ಮೊಳೆಗಳು ಚಾಚಿಕೊಂಡಿಲ್ಲವೆಂಬುದನ್ನು ಮುಂಚೆಯೇ ಕೈಯಾಡಿಸಿ ನೋಡುತ್ತೇವೆ.

ಕುಳಿತು ಮಲಗುವ ಅಡ್ಡಹಲಗೆಯ ಎತ್ತರವೂ ಒಂದು ಭೌತವಿಜ್ಞಾನದ ಪ್ರಶ್ನೆಯೇ. ಒಂಬತ್ತು ಕಿಲೋಗ್ರಾಂ ತೂಕದ ಹುಂಜ ಒಂದೂವರೆ ಮೀಟರು ಎತ್ತರದಿಂದ ಇಳಿದು, ಕಾಲುಗಳು ಆರು ಸೆಂಟಿಮೀಟರು ಬಾಗುವಷ್ಟರಲ್ಲಿ ನಿಂತಿತೆನ್ನಿ. ಕಾಲಿನ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಸುಮಾರು ಇಪ್ಪತ್ತೈದು ಪಟ್ಟು. ಅರ್ಧ ಮೀಟರಿನಿಂದಾದರೆ ಎಂಟು ಪಟ್ಟು. ಬಯಲಿನಲ್ಲಿ ಅದು ರೆಕ್ಕೆ ಬಡಿದು ವೇಗವನ್ನು ಇಳಿಸಿಕೊಳ್ಳುತ್ತದೆ. ಇಕ್ಕಟ್ಟಾದ ಗೂಡಿನಲ್ಲಿ ರೆಕ್ಕೆ ಬಿಚ್ಚಲು ಎಡೆಯಿಲ್ಲ. ದಿನವೂ ಹೀಗೆ ಬಿದ್ದ ಪಾದದಲ್ಲಿ ಬಿರುಕು ಬಿಟ್ಟು, ಕೀವು ಕಟ್ಟಿ, ಹಕ್ಕಿ ಕುಂಟುತ್ತದೆ. ಮಾಂಸಕ್ಕೆಂದು ಎದೆ ದಪ್ಪವಾಗುವಂತೆ ಬೆಳೆಸಿದ ತಳಿಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಒಂದೂವರೆ ಅಡಿ ಎತ್ತರದಲ್ಲಿ, ನಾಲ್ಕು ಅಂಗುಲ ಅಗಲದ, ಅಂಚು ಉಜ್ಜಿ ನಯಮಾಡಿದ ಹಲಗೆಯನ್ನು ಚಪ್ಪಟೆಯಾಗಿ ಹಾಕಿದರೆ ಸಾಕು. ನೆಲದ ಜಾಗ ಹಕ್ಕಿಯೊಂದಕ್ಕೆ ಹತ್ತು ಚದರ ಅಡಿಗೆ ಕಡಮೆಯಾಗದಿರಲಿ. ನಮ್ಮಲ್ಲಿ ಅದಕ್ಕಿಂತ ಹೆಚ್ಚೇ ಇದೆ.

ಅವೂ ಕೋಳಿ, ಇವೂ ಕೋಳಿ

ಪುಟ್ಟಿ ಬಿಟ್ಟುಹೋದ ಹತ್ತು ಮೊಟ್ಟೆಗಳ ಕಥೆ ಉಳಿಯಿತು. ಅವು ಇನ್ನೂ ಬೆಚ್ಚಗಿದ್ದವು. ಪಕ್ಕದ ಮನೆಯಲ್ಲಿ ನಾಟಿಕೋಳಿಯೊಂದು ಕಾವಿಗೆ ಕುಳಿತಿತ್ತು. “ಅದರಡಿ ಇಡೋಣ ಕಣಪ್ಪ. ಅವೂ ಕೋಳಿ,ಇವೂ ಕೋಳಿ, ಬೇಧ ಏನಿದೆ?” ಎಂದರು ತಾಯಿಯವರು. ಹಳ್ಳಿಗಳಲ್ಲಿ ಹಾಗೆಯೇ ಮಾಡುತ್ತಾರೆ, ಮರಿಗಳೂ ಹೊರಡುತ್ತವೆ. ಆದರೂ ಈ ಸಲ ನಾನು ಬೇಡವೆಂದೆನು, ಮತ್ತು ಈ ಸಲದ ‘ಬೇಡ’ಕ್ಕೆ ಕಾರಣವಿತ್ತು.

ಟರ್ಕಿ ಕೋಳಿಗಳಿಗೆ ‘ಕಪ್ಪುತಲೆ’ ಎಂಬ ರೋಗವುಂಟು. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಎಂಬ ವಿಜ್ಞಾನಿ ೧೮೯೫ರಲ್ಲಿ ಅದನ್ನು ವಿವರಿಸಿದರು. ಹಿಸ್ಟೊಮೊನಾಸ್ ಎಂಬ ಏಕಕೋಶ ಜೀವಿ ಕರುಳು ಮತ್ತು ಪಿತ್ತಕೋಶದ ನೆರೆಯ ಯಕೃತ್ತನ್ನು ಹೊಕ್ಕು ಕೆಡಿಸುತ್ತದೆ. ಹಿಕ್ಕೆ ಗಂಧಕದಂತೆ ಹಳದಿಯಾಗುತ್ತದೆ. ಹಕ್ಕಿಗಳು ಮಂಕಾಗಿ ರೆಕ್ಕೆ ಇಳಿಬಿಟ್ಟು ಸಾಯುತ್ತವೆ. ಹೆಸರಿನಲ್ಲಿ ಕಪ್ಪುತಲೆ ಇದ್ದರೂ ತಲೆ ಕಪ್ಪಾಗುವುದು ಎಲ್ಲ ಹಕ್ಕಿಗಳಲ್ಲಿಯೂ ಕಾಣದು. ಈ ಜೀವಿ ಸಂಚರಿಸುವ ರೀತಿ ವಿಚಿತ್ರವಾದುದು. ಸಾಮಾನ್ಯ ಕೋಳಿಗಳ ಕರುಳಿನಲ್ಲಿ ಒಂದು ಬಗೆಯ ಸಣ್ಣ ಹುಳುಗಳು ಇರುತ್ತವೆ. ಆ ಹುಳುವಿನ ಮೊಟ್ಟೆಯೊಳಗೆ ಅಡಗಿ ಕುಳಿತು ರೋಗಾಣು ಹೊರಬರುತ್ತದೆ. ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಎರೆಹುಳು ಅದನ್ನು ನುಂಗುತ್ತದೆ. ಎರೆಹುಳುವನ್ನು ಟರ್ಕಿ ಮರಿ ನುಂಗುತ್ತದೆ. ನಾಟಿಕೋಳಿ ಇದನ್ನೆಲ್ಲ ಹೊತ್ತುಕೊಂಡೂ ಬಹುಮಟ್ಟಿಗೆ ಆರೋಗ್ಯವಾಗಿಯೇ ಕಾಣುತ್ತದೆ. ಅಮೆರಿಕದಲ್ಲಿ ಈ ರೋಗಕ್ಕೆ ಬಳಕೆಯಲ್ಲಿದ್ದ ಕೊನೆಯ ಔಷಧದ ಅನುಮತಿಯನ್ನೂ ೨೦೧೫ರ ಅಂತ್ಯಕ್ಕೆ ಹಿಂತೆಗೆಯಲಾಯಿತು. ಆದ್ದರಿಂದ ಟರ್ಕಿ ಕೋಳಿಯನ್ನು ನಾಟಿಕೋಳಿಯೊಂದಿಗೆ ಸೇರಿಸದಿರುವುದು, ಅವು ಕೆದಕಿದ ನೆಲದಲ್ಲಿ ಬಿಡದಿರುವುದು, ಇದೇ ಮುಖ್ಯವಾದ ರಕ್ಷೆ. ನಮ್ಮ ಹಿತ್ತಲಿಗೂ ಪಕ್ಕದವರ ಹಿತ್ತಲಿಗೂ ನಡುವೆ ನಾನು ಬೇಲಿ ಬಿಗಿಮಾಡಿದುದಕ್ಕೆ ಅವರು ಕೆಲವು ದಿನ ಬೇಸರಪಟ್ಟುಕೊಂಡರು. ಕೊಕ್ಕರೆ ರೋಗಕ್ಕೆ ಮಾತ್ರ ಲಸಿಕೆಯುಂಟು. ಪಶುವೈದ್ಯರನ್ನು ಕೇಳಿ ಹಾಕಿಸಿಕೊಳ್ಳಬೇಕು.

ಮೊಟ್ಟೆಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಬಲ್ಬು, ಉಷ್ಣನಿಯಂತ್ರಕ ಮತ್ತು ಒಂದು ಬಟ್ಟಲು ನೀರಿನೊಂದಿಗೆ, ೩೭.೫ ಡಿಗ್ರಿಯಲ್ಲಿ ಇಟ್ಟೆನು. ಟರ್ಕಿಯ ಮೊಟ್ಟೆಗೆ ಇಪ್ಪತ್ತೆಂಟು ದಿನದ ಕಾವು ಬೇಕು. ಪುಟ್ಟಿ ಕೊಟ್ಟ ದಿನಗಳನ್ನೂ ಸೇರಿಸಿ ಎಣಿಸುತ್ತ ಕಾದೆವು. ಹತ್ತರಲ್ಲಿ ಮೂರು ಒಡೆದವು.

ಟರ್ಕಿಯ ಮರಿಗಳು ಮೊದಮೊದಲು ಬಹಳ ಪೆದ್ದು. ಎದುರಿಗೇ ಆಹಾರವಿದ್ದರೂ ತಿನ್ನಲು ತೋಚದೆ ಉಪವಾಸ ಸಾಯುವುದುಂಟು. ನೀರಿನ ತಟ್ಟೆಯಲ್ಲಿಯೂ ಆಹಾರದಲ್ಲಿಯೂ ಬಣ್ಣದ ಗೋಲಿಗಳನ್ನು ಹಾಕಿದರೆ ಹೊಳಪಿಗೆ ಮರುಳಾಗಿ ಕುಕ್ಕುತ್ತವೆ. ಕುಕ್ಕುತ್ತ ತಿನ್ನುವುದನ್ನು ಕಲಿಯುತ್ತವೆ. ಗೋಲಿಗಳಿಂದ ಇನ್ನೊಂದು ಲಾಭ, ತಟ್ಟೆಯ ನೀರಿನಲ್ಲಿ ಮರಿ ಮುಳುಗುವುದಿಲ್ಲ. ಮೊದಲ ವಾರ ಅವುಗಳಿಗೆ ೩೫ ಡಿಗ್ರಿಯ ಬೆಚ್ಚನೆ ಬೇಕು. ವಾರವಾರವೂ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮರಿಗಳು ದೀಪದಡಿಯಲ್ಲಿ ಒತ್ತಿಕೊಂಡಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಎಲ್ಲ ಕಡೆ ಹರಡಿಕೊಂಡಿದ್ದರೆ ಸುಖ. ನನ್ನ ಉಷ್ಣಯುಗ್ಮಕ್ಕಿಂತ ಇದನ್ನು ತಾಯಿಯವರು ಬೇಗ ಓದುತ್ತಿದ್ದರು.

೨೦೨೫ರ ಏಪ್ರಿಲ್‌ನಲ್ಲಿ ಆ ಮೂರರಲ್ಲಿ ಒಂದು ಹೇಂಟೆ ಅದೇ ಗೂಡಿನ ಅದೇ ಮೂಲೆಯಲ್ಲಿ ಕಾವಿಗೆ ಕುಳಿತಿತು. ನೀರಿನ ಬಾನಿಯನ್ನು ಕತ್ತು ಚಾಚಿದರೆ ಸಿಗುವಷ್ಟು ಹತ್ತಿರ ಇಟ್ಟಿದ್ದೆವು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ತಗಡಿನ ಉಷ್ಣತೆ ೪೬ ಡಿಗ್ರಿ, ತಟ್ಟಿಯದು ೩೮, ಗಾಳಿಯದು ೩೭. ಹಕ್ಕಿಯ ಬಾಯಿ ಮುಚ್ಚಿತ್ತು. ಉಳಿದ ಮೂರೂ ಸಂಜೆಯಾದರೆ ಇಷ್ಟೆಲ್ಲ ಲೆಕ್ಕ ಹಾಕಿ ಕಟ್ಟಿದ ಗೂಡನ್ನು ಬಿಟ್ಟು ಹಲಸಿನ ಮರ ಹತ್ತಿಬಿಡುತ್ತವೆ. ಕತ್ತಲಾಗುವ ಮುಂಚೆ ಜೋಳದ ಡಬ್ಬಿ ಅಲ್ಲಾಡಿಸಿ ಅವನ್ನು ಕೆಳಗಿಳಿಸುವ ಕೆಲಸ ದಿನವೂ ನನ್ನದು.